ಲಂಬ ಎಳೆದು ಭೂಮಿಯನ್ನಳೆದ ಅಲ್ ಬಿರೂನಿ



ರೇಖಾಗಣಿತದ ಕಠಿಣ ಲೆಕ್ಕವೊಂದು ನಿಮ್ಮೆದುರಿಗಿದೆ ಎಂದುಕೊಳ್ಳಿ. ಚಿತ್ರ ಬರೆದಾಯಿತು, ಕೊಟ್ಟ ಅಳತೆಗಳನ್ನೆಲ್ಲ ಗುರುತಿಸಿಯಾಯಿತು. ಆದರೂ ದಾರಿ ಹೊಳೆಯುತ್ತಿಲ್ಲ. ಆಗ ಸರಿಯಾದ ಬಿಂದುವಿನಿಂದ ಸರಿಯಾದ ರೇಖೆಗೆ ಒಂದೇ ಒಂದು ಲಂಬವನ್ನು ಎಳೆದು ನೋಡಿ. ಅಲ್ಲಿಯವರೆಗೆ ಅಡಗಿ ಕುಳಿತಿದ್ದ ಲಂಬಕೋನ ತ್ರಿಭುಜ ಎದ್ದು ಕಾಣುತ್ತದೆ. ಒಲಿಂಪಿಯಾಡ್‌ನಂತಹ ಸ್ಪರ್ಧಾ ಪರೀಕ್ಷೆಗಳಲ್ಲಿ ಎಷ್ಟೋ ಲೆಕ್ಕಗಳು ಬಿಡುವುದು ಹೀಗೆಯೇ. ಈ ಉಪಾಯವನ್ನು ಸಾವಿರ ವರ್ಷಗಳ ಹಿಂದೆ ಹಾಳೆಯ ಮೇಲಿನ ವೃತ್ತಕ್ಕೂ, ನಾವು ನಿಂತಿರುವ ಭೂಮಿಗೂ ಬಳಸಿದ ಮಹಾನ್ ವಿದ್ವಾಂಸರೊಬ್ಬರ ಜೀವನವನ್ನು ಇಲ್ಲಿ ಪರಿಚಯಿಸುತ್ತಿದ್ದೇನೆ. ಅವರೇ ಅಬೂ ರೈಹಾನ್ ಅಲ್ ಬಿರೂನಿ.

ಕ್ರಿ.ಶ. 973ರಲ್ಲಿ ಖ್ವಾರಿಜ್ಮ್ ಪ್ರಾಂತದ ಕಾತ್ ಪಟ್ಟಣದ ಬಳಿ ಅವರು ಜನಿಸಿದರು. ಆ ಸ್ಥಳ ಇಂದು ಉಜ್ಬೇಕಿಸ್ತಾನದಲ್ಲಿದೆ. ಪಾರಸಿಯಲ್ಲಿ ಬಿರೂನ್ ಎಂದರೆ ಹೊರಗೆ ಎಂದರ್ಥ. ಪಟ್ಟಣದ ಹೊರವಲಯದವರಾದ್ದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ರಾಜಮನೆತನಕ್ಕೆ ಸೇರಿದ ಗಣಿತಜ್ಞ ಅಬೂ ನಸ್ರ್ ಮನ್ಸೂರ್ ಅವರಿಗೆ ಉಸ್ತಾದರಾಗಿ ದೊರೆತದ್ದು ದೊಡ್ಡ ಭಾಗ್ಯ. ಇನ್ನೂ ಹದಿನೇಳರ ಪ್ರಾಯದಲ್ಲಿ, ಸೂರ್ಯನ ಎತ್ತರವನ್ನು ಅಳೆದು ತಮ್ಮ ಊರಿನ ಅಕ್ಷಾಂಶವನ್ನು ಕಂಡುಹಿಡಿದರು. ನಿಮ್ಮಲ್ಲಿ ಹಲವರ ವಯಸ್ಸೂ ಅಷ್ಟೇ ಅಲ್ಲವೇ?

ಅವರ ಓದು ನೆಮ್ಮದಿಯ ಓದಾಗಿರಲಿಲ್ಲ. 995ರಲ್ಲಿ ಕಾತ್‌ನ ಅರಸೊತ್ತಿಗೆ ಯುದ್ಧದಲ್ಲಿ ಉರುಳಿತು. ಯುವಕ ಬಿರೂನಿ ಊರು ಬಿಟ್ಟು ಓಡಬೇಕಾಯಿತು. ಆದರೂ 997ರ ಚಂದ್ರಗ್ರಹಣವನ್ನು ಅವರು ಕಾತ್‌ನಿಂದಲೂ, ಅಬುಲ್ ವಫಾ ಎಂಬ ಪ್ರಸಿದ್ಧ ವಿದ್ವಾಂಸರು ಬಗ್ದಾದಿನಿಂದಲೂ ಮೊದಲೇ ಮಾತಾಡಿಕೊಂಡು ವೀಕ್ಷಿಸಿದರು. ಗ್ರಹಣ ಎಲ್ಲರಿಗೂ ಒಂದೇ ಕ್ಷಣದಲ್ಲಿ ಹಿಡಿಯುತ್ತದೆ. ಆದ್ದರಿಂದ ಎರಡು ಊರುಗಳ ಸ್ಥಳೀಯ ಸಮಯದ ವ್ಯತ್ಯಾಸವೇ ಅವುಗಳ ರೇಖಾಂಶದ ವ್ಯತ್ಯಾಸವನ್ನು ತಿಳಿಸಿತು.

1017ರಲ್ಲಿ ಘಜನಿಯ ಸುಲ್ತಾನ್ ಮಹಮೂದ್ ಖ್ವಾರಿಜ್ಮನ್ನು ಗೆದ್ದು ಅಲ್ಲಿನ ವಿದ್ವಾಂಸರನ್ನು ಕರೆದೊಯ್ದಾಗ ಬಿರೂನಿಯೂ ಘಜನಿ ಸೇರಿದರು. ಮರುವರ್ಷ ಕಾಬೂಲಿನ ಹತ್ತಿರದ ಒಂದು ಹಳ್ಳಿಯಲ್ಲಿದ್ದಾಗ ಕೈಯಲ್ಲಿ ಯಾವ ಉಪಕರಣವೂ ಇರಲಿಲ್ಲ. ಲೆಕ್ಕ ಮಾಡುವ ಹಲಗೆಯ ಹಿಂಬದಿಯಲ್ಲಿ ಕಂಸವೊಂದನ್ನು ಬರೆದು, ಅಂಶಗಳನ್ನು ಗುರುತಿಸಿ, ತೂಕ ಕಟ್ಟಿದ ದಾರವನ್ನು ಇಳಿಬಿಟ್ಟು ಸೂರ್ಯನ ಎತ್ತರವನ್ನು ಅಳೆದರು. ಆ ದಾರವೇ ಅವರ ಲಂಬರೇಖೆ.

ವೃತ್ತದ ಜ್ಯಾಗಳನ್ನು ಕುರಿತ ಅವರ ಗ್ರಂಥದಲ್ಲಿ ಸೊಗಸಾದ ಪ್ರಮೇಯವೊಂದಿದೆ. ಕೈವಾರ ತೆಗೆದುಕೊಳ್ಳಿ, ಜೊತೆಯಲ್ಲೇ ಬರೆಯೋಣ. ಒಂದು ವೃತ್ತದಲ್ಲಿ ಎಬಿ ಮತ್ತು ಬಿಸಿ ಎಂಬ ಎರಡು ಜ್ಯಾಗಳನ್ನು ಎಳೆಯಿರಿ, ಎಬಿ ಉದ್ದವಾಗಿರಲಿ. ಎ ಬಿಂದುವಿನಿಂದ ಬಿ ಮೂಲಕ ಸಿ ತಲುಪುವ ಕಂಸದ ಮಧ್ಯಬಿಂದು ಎಂ. ಅಲ್ಲಿಂದ ಎಬಿಗೆ ಲಂಬ ಎಳೆಯಿರಿ. ಲಂಬಪಾದ ಎಫ್ ಆಗಿರಲಿ. ಆಗ ಎಎಫ್‌ನ ಉದ್ದ ಎಫ್‌ಬಿ ಮತ್ತು ಬಿಸಿಗಳ ಮೊತ್ತಕ್ಕೆ ಸಮ. ಎಬಿ 12 ಸೆಂ.ಮೀ., ಬಿಸಿ 8 ಸೆಂ.ಮೀ. ಇದ್ದರೆ ಎಎಫ್ 10 ಸೆಂ.ಮೀ.

ಇದು ಏಕೆ ಹೀಗೆ? ಎಬಿಯ ಮೇಲೆ ಎಯಿಂದ ಬಿಸಿಯಷ್ಟೇ ದೂರದಲ್ಲಿ ಡಿ ಬಿಂದುವನ್ನು ಗುರುತಿಸಿ. ಎಂ ಕಂಸದ ಮಧ್ಯದಲ್ಲಿರುವುದರಿಂದ ಎಂಎ ಮತ್ತು ಎಂಸಿ ಸಮ. ಎಂಬಿ ಕಂಸದ ಮೇಲೆ ನಿಂತಿರುವ ಎ ಮತ್ತು ಸಿಯಲ್ಲಿನ ಕೋನಗಳೂ ಸಮ. ಹೀಗಾಗಿ ಎಂಎಡಿ ಮತ್ತು ಎಂಸಿಬಿ ಸರ್ವಸಮ ತ್ರಿಭುಜಗಳು. ಎಂಡಿ ಮತ್ತು ಎಂಬಿ ಸಮ. ಸಮದ್ವಿಬಾಹು ತ್ರಿಭುಜದಲ್ಲಿ ಶೃಂಗದಿಂದ ಎಳೆದ ಲಂಬ ಪಾದವನ್ನು ಸಮನಾಗಿ ಭಾಗಿಸುತ್ತದೆ, ಆದ್ದರಿಂದ ಡಿಎಫ್ ಮತ್ತು ಎಫ್‌ಬಿ ಸಮ. ಸಾಧನೆ ಮುಗಿಯಿತು.

ಬಿರೂನಿ ಈ ಪ್ರಮೇಯದ ಕೀರ್ತಿಯನ್ನು ತಾವು ತೆಗೆದುಕೊಳ್ಳಲಿಲ್ಲ. ಅದು ಗ್ರೀಕ್ ವಿದ್ವಾಂಸ ಆರ್ಕಿಮಿಡೀಸ್‌ನದು ಎಂದು ಸ್ಪಷ್ಟವಾಗಿ ದಾಖಲಿಸಿದರು. ಒಂದು ಸಾಧನೆ ಸಿಕ್ಕಿತೆಂದು ಸುಮ್ಮನಾಗಲೂ ಇಲ್ಲ. ಬೇರೆ ಬೇರೆ ವಿದ್ವಾಂಸರ ದಾರಿಗಳನ್ನು ಸೇರಿಸಿ ಇಪ್ಪತ್ತಕ್ಕೂ ಹೆಚ್ಚು ಸಾಧನೆಗಳನ್ನು ಕೊಟ್ಟರು. ಉತ್ತರ ಬಂದೊಡನೆ ಪುಸ್ತಕ ಮುಚ್ಚುವ ನಮಗೆ ಇದರಲ್ಲಿ ಪಾಠವಿದೆ.

ಇನ್ನು ಭೂಮಿಯ ಕಥೆ. ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನಾ ಕೋಟೆಯ ಬಳಿ ಬಯಲಿಗೆ ತಾಗಿ ನಿಂತ ಬೆಟ್ಟವೊಂದಿದೆ. ಅದರ ಎತ್ತರವೆಂದರೆ ತುದಿಯಿಂದ ಬುಡಕ್ಕೆ ಎಳೆದ ಲಂಬ. ಆದರೆ ಅದು ಬೆಟ್ಟದ ಒಡಲೊಳಗಿರುವುದರಿಂದ ಹಗ್ಗ ಹಿಡಿದು ಅಳೆಯಲಾಗದು. ಬಿರೂನಿ ಬಯಲಿನ ಎರಡು ಕಡೆಗಳಿಂದ ಕೋನಗಳನ್ನು ನೋಡಿ, ಎತ್ತರ ಸುಮಾರು 652 ಮೊಳ ಎಂದು ಲೆಕ್ಕ ಹಾಕಿದರು. ಬಳಿಕ ಬೆಟ್ಟವನ್ನೇರಿ ದಿಗಂತ ಎಷ್ಟು ಕೆಳಗೆ ಕಾಣುತ್ತದೆಂದು ನೋಡಿದರು. ಅದು 34 ಕಲೆ, ಅಂದರೆ ಒಂದು ಅಂಶದ ಅರ್ಧಕ್ಕಿಂತ ತುಸು ಹೆಚ್ಚು. ದಿಗಂತಕ್ಕೆ ಹೋಗುವ ದೃಷ್ಟಿರೇಖೆ ಭೂಗೋಳಕ್ಕೆ ಸ್ಪರ್ಶಕ. ಸ್ಪರ್ಶಬಿಂದುವಿಗೆ ಎಳೆದ ತ್ರಿಜ್ಯ ಅದಕ್ಕೆ ಲಂಬ. ನೀವು ಹತ್ತನೇ ತರಗತಿಯಲ್ಲಿ ಕಲಿಯುವ ಪ್ರಮೇಯವೇ ಇದು! ಆ ಲಂಬಕೋನ ತ್ರಿಭುಜದಿಂದ ಅವರಿಗೆ ದೊರೆತ ಭೂಮಿಯ ತ್ರಿಜ್ಯ ಸುಮಾರು 1 ಕೋಟಿ 28 ಲಕ್ಷ ಮೊಳ. ಮೊಳವನ್ನು ಅರ್ಧ ಮೀಟರ್ ಎಂದು ಹಿಡಿದರೆ ಅದು ಸುಮಾರು 6,400 ಕಿ.ಮೀ. ಇಂದಿನ ಸರಾಸರಿ ಲೆಕ್ಕ 6,371 ಕಿ.ಮೀ. ಗಾಳಿಯಲ್ಲಿ ಬೆಳಕು ಬಾಗುವುದರಿಂದ ಇಂತಹ ಅಳತೆಯಲ್ಲಿ ವ್ಯತ್ಯಾಸ ಬರುವುದು ಸಹಜ. ಆದ್ದರಿಂದ ಉತ್ತರ ಇಷ್ಟು ಹತ್ತಿರ ಬಂದದ್ದಕ್ಕಿಂತ ವಿಧಾನದ ಸರಳತೆಯೇ ಹೆಚ್ಚು ಬೆರಗು ಹುಟ್ಟಿಸುತ್ತದೆ.

ಭಾರತದ ಪಂಡಿತರಿಂದ ಕಲಿಯಲು ಅವರು ಸಂಸ್ಕೃತವನ್ನು ಅಭ್ಯಾಸ ಮಾಡಿದರು. ಯೂಕ್ಲಿಡ್‌ನ ರೇಖಾಗಣಿತವನ್ನು ಸಂಸ್ಕೃತಕ್ಕೆ ತರುವ ಕೆಲಸಕ್ಕೂ ಕೈಹಾಕಿದರು. ಸುಮಾರು 1030ರಲ್ಲಿ ಬರೆದ ಕಿತಾಬುಲ್ ಹಿಂದ್‌ನಲ್ಲಿ, ಮಹಮೂದನ ದಾಳಿಗಳು ಈ ನಾಡಿನ ಸಮೃದ್ಧಿಯನ್ನು ಹಾಳುಗೆಡವಿದವೆಂದು ಅಳುಕದೆ ಬರೆದರು. ಆಸ್ಥಾನದ ಋಣ ಅವರ ಲೇಖನಿಯನ್ನು ಕಟ್ಟಿಹಾಕಲಿಲ್ಲ.

ಸುಮಾರು 1048ರಲ್ಲಿ ಘಜನಿಯಲ್ಲಿ ಅವರು ಮರಣಶಯ್ಯೆಯಲ್ಲಿದ್ದಾಗ ನಡೆದ ಘಟನೆಯೊಂದನ್ನು ಚರಿತ್ರಕಾರರು ಹೇಳುತ್ತಾರೆ. ನೋಡಲು ಬಂದ ಧರ್ಮಶಾಸ್ತ್ರಜ್ಞ ಮಿತ್ರರ ಬಳಿ ಅವರು ವಾರಸು ಹಂಚಿಕೆಯ ಒಂದು ಪ್ರಶ್ನೆ ಕೇಳಿದರಂತೆ. ಈ ಸ್ಥಿತಿಯಲ್ಲಿ ಅದೇಕೆಂದು ಮಿತ್ರರು ಮರುಕಪಟ್ಟಾಗ, ತಿಳಿಯದೆ ಹೋಗುವುದಕ್ಕಿಂತ ತಿಳಿದು ಹೋಗುವುದು ಮೇಲಲ್ಲವೇ ಎಂದರಂತೆ. ವಿವರಿಸಿ ಹೊರಟ ಮಿತ್ರರಿಗೆ ದಾರಿಯಲ್ಲೇ ಮನೆಯವರ ಅಳು ಕೇಳಿಸಿತು.

ಓದುಗರೇ, ನಮ್ಮ ಸಭೆ ಸಮಾರಂಭಗಳಲ್ಲಿ ಬಿರೂನಿ, ಇಬ್ನು ಸೀನಾರ ಹೆಸರು ಹೇಳಿ ಹೆಮ್ಮೆಪಡುತ್ತೇವೆ. ಆದರೆ ಗಣಿತ ಕಷ್ಟವೆಂದು ಮಗುವೊಂದು, ಅದರಲ್ಲೂ ಹೆಣ್ಣುಮಗುವೊಂದು ಹೇಳಿದರೆ ಬಿಟ್ಟುಬಿಡು ಎನ್ನುತ್ತೇವೆ. ಹಿರಿಯರ ಹೆಸರು ನಮ್ಮ ಲೆಕ್ಕವನ್ನು ಬಿಡಿಸಿಕೊಡುವುದಿಲ್ಲ. ಇಂದು ರಾತ್ರಿ ಆ ಪ್ರಮೇಯಕ್ಕೆ ಇನ್ನೊಂದು ಸಾಧನೆ ಹುಡುಕಿ. ಸಿಗದಿದ್ದರೆ ನಾಳೆ ಮತ್ತೊಂದು ಲಂಬ ಎಳೆಯಿರಿ. ಉಪಯುಕ್ತ ಜ್ಞಾನವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.