ನೀಲಗಿರಿಯ ಚಿತ್ರಕಾರ ಕೆ. ವೆಂಕಟಪ್ಪ

ಮೈಸೂರು ಅರಸರ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಜನಿಸಿದ ಕೆ. ವೆಂಕಟಪ್ಪನವರು ಕನ್ನಡ ನಾಡಿನ ನಿಸರ್ಗಚಿತ್ರಕಲೆಗೆ ಘನತೆಯನ್ನು ತಂದ ಮಹನೀಯರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ತೆರಳಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥಾ ಗ್ರಂಥಕ್ಕೆ ನಂದಲಾಲ್ ಬೋಸ್ ಮೊದಲಾದವರೊಡನೆ ಚಿತ್ರಗಳನ್ನು ರಚಿಸಿದರು.

ಮೈಸೂರಿಗೆ ಮರಳಿ ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸ ಮಾಡಿದರು. ಕುಂಚ, ವೀಣೆಗಳೆರಡೂ ಅವರಿಗೆ ತಪಸ್ಸೇ ಆದವು, ಬ್ರಹ್ಮಚಾರಿಯಾಗಿಯೇ ಉಳಿದರು. 1926ರಿಂದ ಉದಕಮಂಡಲವನ್ನು ಕುರಿತು ರಚಿಸಿದ ಜಲವರ್ಣ ಚಿತ್ರಗಳು ಅವರ ಸಾಧನೆಯ ಶಿಖರ. ಕೆರೆಯ ನೀರು, ಚದುರುವ ಮಳೆಮೋಡ, ಬೆಳದಿಂಗಳು ಇವುಗಳ ಕ್ಷಣಿಕ ಚೆಲುವು ಅಲ್ಲಿ ಸ್ಥಿರವಾಗಿ ನಿಂತಿದೆ.

ಅರಮನೆಗಾಗಿ ಉಬ್ಬುಶಿಲ್ಪಗಳನ್ನೂ ನಿರ್ಮಿಸಿದರು. ಆದರೆ 1940ರಲ್ಲಿ ಮಹಾರಾಜರು ದಿವಂಗತರಾದ ಬಳಿಕ ಆಶ್ರಯ ತಪ್ಪಿತು. ಸಂಭಾವನೆಗಾಗಿ ನ್ಯಾಯಾಲಯದ ಮೆಟ್ಟಿಲೇರಿ ಸೋತರು. ಬೆಂಗಳೂರಿಗೆ ಬಂದು ನೆಲೆಸಿದ ಆ ಸ್ವಾಭಿಮಾನಿಯ ಕುಂಚ ಬಹುಮಟ್ಟಿಗೆ ಮೌನವಾಯಿತು. ಆ ಮೌನದಲ್ಲಿ ನಾಡು ಕಳೆದುಕೊಂಡ ಚಿತ್ರಗಳೆಷ್ಟೋ!

1962ರಲ್ಲಿ ಕೇಂದ್ರ ಲಲಿತಕಲಾ ಅಕಾಡೆಮಿಯ ಗೌರವ ಸದಸ್ಯತ್ವ ಲಭಿಸಿತು. 1965ರಲ್ಲಿ ಅವರು ಕಾಲವಶರಾದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆ ಅವರ ಹೆಸರನ್ನು ಹೊತ್ತಿದೆ.

ಪಣಜಿಯಲ್ಲಿ ದಿನವೂ ಮಾಂಡವಿಯನ್ನು ಕಾಣುವ ನಮ್ಮ ಮಕ್ಕಳು ಬೆಂಗಳೂರಿಗೆ ಹೋದಾಗ ಆ ಚಿತ್ರಗಳೆದುರು ಒಂದು ಗಳಿಗೆ ನಿಲ್ಲಲಿ. ಕಂಡದ್ದನ್ನೇ ಮತ್ತೆ ಮತ್ತೆ ಶ್ರದ್ಧೆಯಿಂದ ಕಾಣುವ ಪಾಠ ಅಲ್ಲಿದೆ.