ಕಾರು ಕಾರ್ಖಾನೆಗಾಗಿ ಹಠ ತೊಟ್ಟಿದ್ದ ಸರ್ ಎಂ.ವಿ.

ಪುತ್ತೂರು: ಪುತ್ತೂರಿನಿಂದ ಸುಳ್ಯಕ್ಕೆ, ಅಲ್ಲಿಂದ ಸಂಪಾಜೆ ಘಾಟಿಯೇರಿ ಮಡಿಕೇರಿಗೆ ಸಾಗುವ ಹೆದ್ದಾರಿಯಲ್ಲಿ ಇಂದು ಹತ್ತಾರು ಕಂಪೆನಿಗಳ ಕಾರುಗಳು ಓಡಾಡುತ್ತವೆ. ಕಡಬದ ಅಡಕೆ ಕೃಷಿಕರಿರಲಿ, ಪುತ್ತೂರು ಪೇಟೆಯ ಯುವ ಉದ್ಯೋಗಿಗಳಿರಲಿ, ತಂತಮ್ಮ ಅಭಿರುಚಿ ಮತ್ತು ಆರ್ಥಿಕ ಶಕ್ತಿಗೆ ತಕ್ಕ ವಾಹನವನ್ನು ಆರಿಸಿಕೊಳ್ಳುತ್ತಾರೆ. ಕೊಂಡ ಮೇಲೂ ಆಸೆ ತಣಿಯುವುದಿಲ್ಲ. ಅಲಾಯ್ ಚಕ್ರ, ಅಗಲವಾದ ಟೈರು, ಘಾಟಿಯ ತಿರುವುಗಳಿಗೆ ಒಗ್ಗುವ ಗಡಸು ಸ್ಪ್ರಿಂಗ್, ಮಳೆಗಾಲದ ಕೆಸರು ತೊಳೆದು ಬಣ್ಣಕ್ಕೆ ಹೊಳಪು ಕೊಡುವ ಪಾಲಿಶ್ ಯಂತ್ರ ಹೀಗೆ ಕಾರು ಪ್ರಿಯರ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಈ ಆಯ್ಕೆಯ ಸಂಭ್ರಮಕ್ಕೆ ಬಹು ಹಿಂದೆ, ಭಾರತದಲ್ಲಿ ಸೂಜಿಯಿಂದ ಹಿಡಿದು ಎಂಜಿನ್‌ವರೆಗೆ ಎಲ್ಲವೂ ಹಡಗಿನಲ್ಲಿ ಬರುತ್ತಿದ್ದ ಕಾಲದಲ್ಲಿ, ಮೋಟಾರು ಕಾರು ನಮ್ಮಲ್ಲೇ ತಯಾರಾಗಬೇಕೆಂದು ಹಠ ತೊಟ್ಟವರು ಒಬ್ಬ ಕನ್ನಡಿಗರು. ಸುಮಾರು ಎಪ್ಪತ್ತೈದರ ವಯಸ್ಸಿನಲ್ಲಿ ಅವರು ಅದಕ್ಕಾಗಿ ಖಂಡಾಂತರ ಪ್ರವಾಸ ಕೈಗೊಂಡರು. ಯೋಜನೆ ರೂಪಿಸಿದರು, ಸರಕಾರಗಳ ಬಾಗಿಲು ತಟ್ಟಿದರು. ಕೊನೆಗೆ ಅವರ ಕೈಗೆ ಬಂದುದು ನಿರಾಶೆ. ಅವರೇ ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ಕನ್ನಂಬಾಡಿ ಕಟ್ಟೆಯ ಶಿಲ್ಪಿಯೆಂದು ಅವರನ್ನು ನಾಡು ನೆನೆಯುತ್ತದೆ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶವು ಎಂಜಿನಿಯರುಗಳ ದಿನವಾಗಿ ಆಚರಿಸುತ್ತದೆ. ಆದರೆ ಅವರ ಬಾಳಿನ ಸಂಧ್ಯಾಕಾಲದ ಈ ಹೋರಾಟವನ್ನು ಬಲ್ಲವರು ಕಡಿಮೆ.

ಮುದ್ದೇನಹಳ್ಳಿಯಿಂದ ದಿವಾನಗಿರಿಗೆ

1860ರ ದಶಕದ ಆರಂಭದಲ್ಲಿ ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ನೀಗಿಸಿಕೊಂಡರು. ಬಳಿಕ ಮೈಸೂರು ಸರಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಎಂಜಿನಿಯರಿಂಗ್ ಪೂರೈಸಿದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಪುಣೆ ಸಮೀಪದ ಖಡಕ್‌ವಾಸ್ಲಾ ಅಣೆಕಟ್ಟೆಗೆ ಅವರು ರೂಪಿಸಿದ, ನೀರಿನ ಮಟ್ಟಕ್ಕೆ ತಕ್ಕಂತೆ ತಾನಾಗಿ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳು ಅವರಿಗೆ ಹೆಸರು ತಂದವು.

1908ರಲ್ಲಿ ಸ್ವಇಚ್ಛೆಯಿಂದ ಆ ಸೇವೆಗೆ ವಿದಾಯ ಹೇಳಿದ ಅವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1912ರಲ್ಲಿ ದಿವಾನರಾದರು. ಮೈಸೂರು ಬ್ಯಾಂಕ್, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ ಇವೆಲ್ಲ ಅವರ ದಿವಾನಗಿರಿಯ ಆರು ವರ್ಷಗಳಲ್ಲಿ ತಲೆಯೆತ್ತಿದವು.

ಇಂದಿನ ಪುತ್ತೂರು, ಸುಳ್ಯ, ಕಡಬ ಪ್ರದೇಶ ಆಗ ಮೈಸೂರಿಗೆ ಸೇರಿರಲಿಲ್ಲ. ಅದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಘಟ್ಟದ ಮೇಲಿನ ಸಂಸ್ಥಾನಕ್ಕೆ ಸ್ವಂತ ಕಡಲ ತೀರವಿರಲಿಲ್ಲ. ಆ ಕೊರತೆಯನ್ನು ಮನಗಂಡಿದ್ದ ವಿಶ್ವೇಶ್ವರಯ್ಯನವರು ಭಟ್ಕಳದಲ್ಲಿ ಬಂದರು ನಿರ್ಮಿಸಿ ಮೈಸೂರಿಗೆ ಸಮುದ್ರದ ದಾರಿ ತೆರೆಯುವ ಯೋಜನೆಗೆ ಆಸಕ್ತಿ ತೋರಿದ್ದರು. ಸರಕು ಮತ್ತು ಜನರ ಸಂಚಾರ ಸುಗಮವಾಗದೆ ನಾಡು ಮುಂದೆ ಬಾರದು ಎಂಬುದು ಅವರ ದೃಢ ನಂಬಿಕೆಯಾಗಿತ್ತು.

1918ರಲ್ಲಿ ಅವರು ದಿವಾನ ಪದವಿ ತ್ಯಜಿಸಿದರು. ರಾಜೀನಾಮೆ ಸಲ್ಲಿಸಲು ಸರಕಾರಿ ಕಾರಿನಲ್ಲಿ ಹೋದ ಅವರು, ಹಿಂದಿರುಗಿದ್ದು ತಮ್ಮ ಸ್ವಂತ ಕಾರಿನಲ್ಲಿ ಎಂಬ ಕಥೆ ಇಂದಿಗೂ ಜನಜನಿತವಾಗಿದೆ. ಅದು ನಡೆದುದೋ ಕಟ್ಟಿದುದೋ, ಅವರ ಪ್ರಾಮಾಣಿಕತೆಯ ಕುರಿತು ನಾಡಿಗಿದ್ದ ವಿಶ್ವಾಸಕ್ಕೆ ಅದೊಂದು ಸಾಕ್ಷಿ.

ಕಬ್ಬಿಣ ಕಲಿಸಿದ ಪಾಠ

ಕಾರಿನ ಕನಸಿಗೆ ಬೀಜ ಬಿದ್ದುದು ಭದ್ರಾವತಿಯಲ್ಲಿ ಎನ್ನಬಹುದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆ ನಷ್ಟದ ಸುಳಿಗೆ ಸಿಲುಕಿತ್ತು. ಆಡಳಿತದ ಹೊಣೆ ಹೊತ್ತ ವಿಶ್ವೇಶ್ವರಯ್ಯನವರು ದುಂದುವೆಚ್ಚಕ್ಕೆ ಕಡಿವಾಣ ಹಾಕಿ, ಸ್ಥಳೀಯರಿಗೆ ತರಬೇತಿ ಕೊಡಿಸಿ ಅದನ್ನು ಹಳಿಗೆ ತಂದರು. ಟಾಟಾ ಕಬ್ಬಿಣ ಮತ್ತು ಉಕ್ಕಿನ ಕಂಪೆನಿಯ ನಿರ್ದೇಶಕ ಮಂಡಳಿಯಲ್ಲಿಯೂ ದೀರ್ಘಕಾಲ ಇದ್ದರು.

ಕಬ್ಬಿಣ ತಯಾರಿಸಿದರೆ ಸಾಲದು, ಅದನ್ನು ಬಳಸುವ ಉದ್ದಿಮೆಗಳೂ ಬೇಕು. ಮೋಟಾರು ಕಾರಿಗೆ ಉಕ್ಕು ಬೇಕು, ರಬ್ಬರು ಬೇಕು, ಗಾಜು, ಬಣ್ಣ, ಚರ್ಮ, ಬಟ್ಟೆ, ಬ್ಯಾಟರಿ ಎಲ್ಲವೂ ಬೇಕು. ಒಂದು ಕಾರು ಕಾರ್ಖಾನೆ ಹುಟ್ಟಿದರೆ ಅದರ ಸುತ್ತ ನೂರು ಸಣ್ಣ ಕಾರ್ಖಾನೆಗಳು ಹುಟ್ಟುತ್ತವೆ. 1934ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇಡೀ ದೇಶಕ್ಕೆ ಯೋಜನಾಬದ್ಧ ಆರ್ಥಿಕತೆಯನ್ನು ಪ್ರತಿಪಾದಿಸಿದ ಅವರಿಗೆ ಮೋಟಾರು ಉದ್ಯಮ ಕೈಗಾರಿಕೀಕರಣದ ಹೆಬ್ಬಾಗಿಲಾಗಿ ಕಂಡಿತು.

ಅಂದಿನ ಸ್ಥಿತಿ ಹೇಗಿತ್ತು? ಫೋರ್ಡ್ ಕಂಪೆನಿ 1926ರಲ್ಲಿ, ಜನರಲ್ ಮೋಟಾರ್ಸ್ 1928ರಲ್ಲಿ ಭಾರತಕ್ಕೆ ಕಾಲಿಟ್ಟಿದ್ದವು. ಆದರೆ ಅವು ನಡೆಸುತ್ತಿದ್ದುದು ಜೋಡಣೆಯ ಕೆಲಸ. ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಇಲ್ಲಿ ಕೂಡಿಸಿ ಮಾರಲಾಗುತ್ತಿತ್ತು. ಎಂಜಿನ್ ಎರಕ ಹೊಯ್ಯುವ, ಗೇರು ಕಡೆಯುವ ವಿದ್ಯೆ ಇಲ್ಲಿನವರಿಗೆ ದಕ್ಕುತ್ತಿರಲಿಲ್ಲ.

ಇಳಿವಯಸ್ಸಿನ ಪ್ರವಾಸ

1935ರಲ್ಲಿ ವಿಶ್ವೇಶ್ವರಯ್ಯನವರು ಯುರೋಪ್ ಮತ್ತು ಅಮೆರಿಕಕ್ಕೆ ತೆರಳಿದರು. ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಕಂಡರು, ತಜ್ಞರೊಂದಿಗೆ ಚರ್ಚಿಸಿದರು. ಯಾವ ಯಂತ್ರ ಬೇಕು, ಎಷ್ಟು ಬಂಡವಾಳ ಬೇಕು ಎಂದು ಲೆಕ್ಕ ಹಾಕಿ, ಹಿಂದಿರುಗಿದ ಮೇಲೆ ವಿವರವಾದ ಯೋಜನೆಯನ್ನು ಸಿದ್ಧಪಡಿಸಿದರು. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಯೋಜನೆಗೆ ಹೆಗಲು ಕೊಟ್ಟರು.

1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಬಿ.ಜಿ. ಖೇರ್ ನೇತೃತ್ವದ ಕಾಂಗ್ರೆಸ್ ಸರಕಾರ ಅಧಿಕಾರಕ್ಕೆ ಬಂದಾಗ ಆಸೆ ಚಿಗುರಿತು. ಬಂಡವಾಳದ ಮೇಲಿನ ಬಡ್ಡಿಗೆ ಖಾತರಿ ನೀಡಲು ಆ ಸರಕಾರ ಒಲವು ತೋರಿತು. ಆದರೆ 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಭಾರತೀಯರನ್ನು ಕೇಳದೆಯೇ ದೇಶವನ್ನು ಯುದ್ಧಕ್ಕೆ ಎಳೆದುದನ್ನು ಪ್ರತಿಭಟಿಸಿ ಕಾಂಗ್ರೆಸ್ ಸರಕಾರಗಳು ರಾಜೀನಾಮೆ ನೀಡಿದವು. ಯೋಜನೆ ಅನಾಥವಾಯಿತು.

ಬೆಂಗಳೂರಿನ ಕೈ ತಪ್ಪಿದ ಕಾರ್ಖಾನೆ

ಮುಂಬಯಿಯ ಬಾಗಿಲು ಮುಚ್ಚಿದಾಗ ಕಣ್ಣು ಹೊರಳಿದ್ದು ತಾಯ್ನಾಡಿನತ್ತ. ಕಾರು ಕಾರ್ಖಾನೆಯನ್ನು ಬೆಂಗಳೂರಿನಲ್ಲಿಯೇ ಸ್ಥಾಪಿಸುವ ಆಲೋಚನೆ ರೂಪುಗೊಂಡಿತು. ಆಗಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರಕಾರ ಬೆಂಬಲಕ್ಕೆ ಮುಂದಾಯಿತು. ಇತ್ತ ವಾಲ್‌ಚಂದ್ ಅವರು ಅಮೆರಿಕದ ಕಂಪೆನಿಗಳೊಂದಿಗೆ ಮಾತುಕತೆ ನಡೆಸಿ ಕ್ರೈಸ್ಲರ್ ಸಂಸ್ಥೆಯ ಸಹಕಾರ ಗಳಿಸಿದರು.

ಆದರೆ ಸಂಸ್ಥಾನಗಳ ಮೇಲೆ ಹಿಡಿತವಿದ್ದ ಬ್ರಿಟಿಷ್ ಭಾರತ ಸರಕಾರ ಒಪ್ಪಲಿಲ್ಲ. ಯುದ್ಧಕಾಲದಲ್ಲಿ ಯಂತ್ರಗಳಿಗೆ ಕೊರತೆ, ಹಡಗುಗಳಿಗೆ ಕೊರತೆ, ಡಾಲರಿಗೆ ಕೊರತೆ, ಮೋಟಾರು ಕಾರ್ಖಾನೆಯಿಂದ ಯುದ್ಧಕ್ಕೆ ಸದ್ಯ ಉಪಯೋಗವಿಲ್ಲ ಎಂಬ ಕಾರಣಗಳು ಮುಂದೆ ಬಂದವು. ಈ ಕಾರಣಗಳಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ಆದರೆ ಅದೇ ಯುದ್ಧಕ್ಕಾಗಿ ಕೆನಡಾದಂತಹ ದೇಶಗಳ ಕಾರ್ಖಾನೆಗಳಿಂದ ಲಾರಿಗಳು ಸಾಲು ಸಾಲಾಗಿ ಹೊರಬರುತ್ತಿದ್ದುದನ್ನು ಬಲ್ಲವರಿಗೆ ಆ ವಾದ ಸಮಾಧಾನ ತರಲಿಲ್ಲ. ಮೈಸೂರು ಸರಕಾರ ಹಿಂದೆ ಸರಿಯಬೇಕಾಯಿತು.

ಇಲ್ಲೊಂದು ವಿಚಿತ್ರವಿದೆ. 1939ರಲ್ಲಿ ಇದೇ ಕಾರು ಯೋಜನೆಯ ಸಲುವಾಗಿ ಅಮೆರಿಕಕ್ಕೆ ಹೊರಟಿದ್ದ ವಾಲ್‌ಚಂದ್ ಅವರಿಗೆ ಪ್ರಯಾಣದ ನಡುವೆ ವಿಲಿಯಂ ಪಾಲೆ ಎಂಬ ವಿಮಾನೋದ್ಯಮಿಯ ಪರಿಚಯವಾಯಿತು. ಆ ಪರಿಚಯದ ಫಲವಾಗಿ 1940ರ ಡಿಸೆಂಬರಿನಲ್ಲಿ, ಮೈಸೂರು ಸರಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿ ಸ್ಥಾಪನೆಯಾಯಿತು. ಅದೇ ಇಂದಿನ ಎಚ್‌ಎಎಲ್. ಕಾರು ಕೇಳಿದ ಬೆಂಗಳೂರಿಗೆ ವಿಮಾನ ದಕ್ಕಿತು!

ಬೇರೆಯವರ ಅಂಗಳದಲ್ಲಿ ಫಲ

ಕನಸು ಸಾಯಲಿಲ್ಲ, ಬೇರೆಯವರ ಅಂಗಳದಲ್ಲಿ ಚಿಗುರಿತು. 1942ರಲ್ಲಿ ಬಿರ್ಲಾ ಕುಟುಂಬ ಹಿಂದೂಸ್ತಾನ್ ಮೋಟಾರ್ಸ್ ಸ್ಥಾಪಿಸಿತು. 1944ರಲ್ಲಿ ವಾಲ್‌ಚಂದ್ ಅವರು ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆರಂಭಿಸಿದರು. ಮುಂಬಯಿಯ ಕುರ್ಲಾದಲ್ಲಿ ಮೊದಲು ಕ್ರೈಸ್ಲರ್ ಸಮೂಹದ ವಾಹನಗಳು, ಬಳಿಕ ಇಟಲಿಯ ಫಿಯೆಟ್ ಕಾರುಗಳು ತಯಾರಾದವು. ನಮ್ಮ ಹಿರಿಯರು ಇಂದಿಗೂ ಫಿಯೆಟ್ ಎಂದೇ ಕರೆಯುವ ಕಾರು 1974ರಿಂದ ಪ್ರೀಮಿಯರ್ ಪದ್ಮಿನಿ ಎನಿಸಿತು.

ಸ್ವಾತಂತ್ರ್ಯಾನಂತರ ಸರಕಾರ ವಿದೇಶಿ ಕಾರುಗಳ ಆಮದಿಗೆ ತಡೆಯೊಡ್ಡಿತು. ಕೇವಲ ಜೋಡಣೆ ನಡೆಸುತ್ತಿದ್ದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ 1950ರ ದಶಕದ ಮಧ್ಯದ ಹೊತ್ತಿಗೆ ಇಲ್ಲಿಂದ ಕಾಲ್ತೆಗೆದವು. ನಾಡಿನ ಕಾರ್ಖಾನೆಗೆ ಸರಕಾರದ ಆಸರೆ ಬೇಕೆಂಬ ವಿಶ್ವೇಶ್ವರಯ್ಯನವರ ಬೇಡಿಕೆ ಹೀಗೆ ಈಡೇರಿತು. ಆದರೆ ಅವರು ಬಯಸಿದ ದಕ್ಷತೆ ಅದರೊಂದಿಗೆ ಬರಲಿಲ್ಲ. ಪೈಪೋಟಿಯಿಲ್ಲದ ಮಾರುಕಟ್ಟೆಯಲ್ಲಿ ಗ್ರಾಹಕ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಯಿತು. ದಶಕಗಳ ಕಾಲ ಆಯ್ಕೆಯೆಂದರೆ ಅಂಬಾಸಿಡರ್, ಫಿಯೆಟ್ ಮತ್ತು ಮದರಾಸಿನ ಸ್ಟ್ಯಾಂಡರ್ಡ್ ಇಷ್ಟೇ. ಕಾಡುದಾರಿಗೆ ಮಹೀಂದ್ರ ಜೀಪು.

ಕಾರು ಪ್ರಿಯರ ಇಂದಿನ ಹವ್ಯಾಸದ ಬೇರೂ ಆ ಕೊರತೆಯ ಕಾಲದಲ್ಲಿಯೇ ಇದೆ. ಫಿಯೆಟ್ ಕಾರಿಗೆ ಮುಂದೆ ಸುರುಳಿ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್ ಪಟ್ಟಿಗಳು. ಅಂಬಾಸಿಡರಿಗೆ ಮುಂದೆ ತಿರುಚು ಸರಳು, ಹಿಂದೆ ಅದೇ ಪಟ್ಟಿಗಳು. ಹೊರೆ ಹೊತ್ತು ಘಾಟಿಯೇರುವ ವಾಹನದ ಹಿಂಭಾಗ ಕುಸಿಯದಿರಲೆಂದು ಗ್ಯಾರೇಜಿನಲ್ಲಿ ಇನ್ನೊಂದು ಪಟ್ಟಿ ಸೇರಿಸುವುದು ವಾಡಿಕೆ. ಪಟ್ಟಿ ಹೆಚ್ಚಿದರೆ ಹೊರೆ ತಾಳುತ್ತದೆ, ಆದರೆ ಖಾಲಿ ಓಡುವಾಗ ಹೊಂಡಗಳ ಏಟು ಬೆನ್ನಿಗೇ ಬಡಿಯುತ್ತದೆ. ಹೊಸ ಕಾರು ಸಿಗದವರು ಇದ್ದ ಕಾರನ್ನೇ ತಿದ್ದಿ, ತೀಡಿ, ಒರೆಸಿ ಬಾಳಿಸಿದರು. ಮದರಾಸಿನ ಶೋಲಾವರಂ ರೇಸುಗಳಲ್ಲಿ ಓಡಿದವುಗಳಲ್ಲಿಯೂ ಹೀಗೆ ತಿದ್ದಿದ ಫಿಯೆಟ್ ಮತ್ತು ಹೆರಾಲ್ಡ್ ಕಾರುಗಳಿದ್ದವು.

ಶತಾಯುಷಿಯ ಕೊನೆಯ ದಿನಗಳು

1941ರಲ್ಲಿ ಅಖಿಲ ಭಾರತ ಉತ್ಪಾದಕರ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ವಿಶ್ವೇಶ್ವರಯ್ಯನವರು, 1951ರಲ್ಲಿ ಪ್ರಕಟವಾದ ತಮ್ಮ ವೃತ್ತಿಜೀವನದ ನೆನಪುಗಳಲ್ಲಿ ಕಾರು ಕಾರ್ಖಾನೆಯ ಕಥೆಯನ್ನೂ ದಾಖಲಿಸಿದರು. ಅದೇ ವರ್ಷ ಮೋಟಾರು ವಾಹನಗಳ ಬಿಡಿಭಾಗ ತಯಾರಿಸುವ ಮೈಕೋ ಕಂಪೆನಿ ಬೆಂಗಳೂರಿಗೆ ಬಂದಿತು. 1955ರಲ್ಲಿ ಅವರಿಗೆ ಭಾರತರತ್ನ ಸಂದಿತು. 1960ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಅವರ ಜನ್ಮಶತಮಾನೋತ್ಸವ ಅವರ ಸಮ್ಮುಖದಲ್ಲಿಯೇ ನಡೆಯಿತು. 1962ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ.

ಬೆಂಗಳೂರಿನ ಹೊರವಲಯದ ಬಿಡದಿಯಲ್ಲಿ ಟೊಯೊಟ ಕಿರ್ಲೋಸ್ಕರ್ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1999ರಲ್ಲಿ. ಮೈಸೂರಿಗೆ ಅನುಮತಿ ನಿರಾಕರಿಸಲ್ಪಟ್ಟು ಅಷ್ಟು ಹೊತ್ತಿಗೆ ಆರು ದಶಕಗಳೇ ಸಂದಿದ್ದವು. ಅತ್ತ ಪದ್ಮಿನಿಯ ತಯಾರಿಕೆ ಅದೇ ಆಸುಪಾಸಿನಲ್ಲಿ ಕೊನೆಗೊಂಡಿತು. 2023ರ ಅಕ್ಟೋಬರ್ ಅಂತ್ಯಕ್ಕೆ ಮುಂಬಯಿಯ ರಸ್ತೆಗಳಿಂದ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಮರೆಯಾಯಿತು.

ವಿಶ್ವೇಶ್ವರಯ್ಯನವರು ಕಟ್ಟಿದ ಅಣೆಕಟ್ಟೆ ಕಣ್ಣಿಗೆ ಕಾಣುತ್ತದೆ. ಅವರಿಗೆ ಕಟ್ಟಲಾಗದೆ ಹೋದ ಕಾರ್ಖಾನೆ ಕಾಣುವುದಿಲ್ಲ. ಆದರೆ ಇಲ್ಲಿನ ಕೈಗಳಿಗೂ ಕಾರು ಮಾಡುವ ವಿದ್ಯೆ ಒಲಿಯುತ್ತದೆ ಎಂದು ಯಾರೂ ನಂಬದ ಕಾಲದಲ್ಲಿ ಅವರು ನಂಬಿದ್ದರು. ಪುತ್ತೂರು, ಸುಳ್ಯ, ಕಡಬದ ಮನೆಯಂಗಳಗಳಲ್ಲಿ ಭಾನುವಾರ ಬೆಳಗ್ಗೆ ತಮ್ಮಿಚ್ಛೆಯ ಕಾರನ್ನು ಒರೆಸಿ ಮಿಂಚಿಸುವವರು, ಈ ಸೆಪ್ಟೆಂಬರ್ 15ರಂದು ಆ ಹಿರಿಯ ಚೇತನವನ್ನು ಒಮ್ಮೆ ಸ್ಮರಿಸಿದರೆ ಅದೇ ಅವರಿಗೆ ಸಲ್ಲುವ ಗೌರವ.