ರಾಜ್ಯಪಾಲ ಪದವಿಯಿಂದ ಉಪರಾಷ್ಟ್ರಪತಿ ಪೀಠಕ್ಕೆ: ಶ್ರೀ ಬಿ. ಡಿ. ಜತ್ತಿಯವರ ಜೀವನ

ಪ್ರಜಾಪ್ರಭುತ್ವದಲ್ಲಿ ಅಧಿಕಾರವು ಎರಡು ದಾರಿಗಳಿಂದ ಮನುಷ್ಯನ ಕೈಸೇರುತ್ತದೆ. ಜನರೋ ಜನಪ್ರತಿನಿಧಿಗಳೋ ಮತವಿತ್ತು ಆರಿಸುವುದು ಒಂದು. ಹಿರಿಯ ಪದವಿಯಲ್ಲಿರುವವರು ನಂಬಿ ನೇಮಿಸುವುದು ಇನ್ನೊಂದು. ಮೊದಲನೆಯದರಲ್ಲಿ ಆರಿಸಿದವರಿಗೆ ಉತ್ತರ ಹೇಳಬೇಕಾದ ಹೊಣೆ ಕಣ್ಣೆದುರಿಗೇ ಇರುತ್ತದೆ. ಎರಡನೆಯದರಲ್ಲಿ ಆ ಹೊಣೆಯನ್ನು ಅಂತಃಕರಣವೇ ಅನುಗಾಲವೂ ನೆನಪಿಸಬೇಕಾಗುತ್ತದೆ. ಈ ಎರಡು ದಾರಿಗಳಲ್ಲಿಯೂ ನಡೆದು, ಎರಡರ ಗೌರವವನ್ನೂ ಕಷ್ಟವನ್ನೂ ಉಂಡವರು ಲಿಂಗೈಕ್ಯ ಶ್ರೀ ಬಸಪ್ಪ ದಾನಪ್ಪ ಜತ್ತಿಯವರು.

ಶ್ರೀ ಜತ್ತಿಯವರು 1912ರ ಸೆಪ್ಟೆಂಬರ್ 10ರಂದು ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಜನಿಸಿದರು. ಮನೆತನವು ಸಣ್ಣ ಕಿರಾಣಿ ವ್ಯಾಪಾರದ್ದು. ಸಿರಿಸಂಪತ್ತಿನ ಆಸರೆ ಇರಲಿಲ್ಲ. ವಿದ್ಯೆಯೊಂದೇ ಬಂಡವಾಳವೆಂದು ತಿಳಿದ ಬಾಲಕನು ಮುಂದೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಕಾನೂನು ಪದವಿಯನ್ನೂ ಪಡೆದನು. ಜಮಖಂಡಿಯಲ್ಲಿ ವಕೀಲಿ ವೃತ್ತಿಯನ್ನಾರಂಭಿಸಿದ ಅವರು 1940ರಲ್ಲಿ ಅಲ್ಲಿನ ಪುರಸಭೆಯ ಸದಸ್ಯರಾಗಿ, 1945ರಲ್ಲಿ ಅದರ ಅಧ್ಯಕ್ಷರಾದರು. ಮುಂದೆ ದೇಶದ ಅತ್ಯುಚ್ಚ ಪೀಠದವರೆಗೆ ಏರಿದ ಈ ಜೀವನದ ಮೊದಲ ಮೆಟ್ಟಿಲು ಊರಿನ ಬೀದಿ, ನೀರು, ದೀಪಗಳ ಚಿಂತೆಯೇ ಆಗಿತ್ತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು.

ಜಮಖಂಡಿಯು ಆಗ ಪಟವರ್ಧನ ಮನೆತನದ ಸಂಸ್ಥಾನ. ಅದರ ಶಾಸನಸಭೆಗೆ ಆರಿಸಿ ಬಂದ ಜತ್ತಿಯವರು ಮಂತ್ರಿಯಾಗಿ, 1948ರಲ್ಲಿ ಮುಖ್ಯಮಂತ್ರಿಯೂ ಆದರು. ಸಂಸ್ಥಾನವು ಭಾರತ ಒಕ್ಕೂಟದಲ್ಲಿ ಸೇರಿ, ಅದೇ ವರ್ಷ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವಾಗ ಅವರು ಅರಸರೊಡನೆ ಸೌಹಾರ್ದವನ್ನು ಉಳಿಸಿಕೊಂಡೇ ಆ ಕಾರ್ಯವನ್ನು ನೆರವೇರಿಸಿದರು. ವಿಲೀನದೊಡನೆ ಅವರ ಪದವಿಯೂ ಮುಗಿಯಿತು. ಅದಕ್ಕಾಗಿ ಮರುಗದೆ ಮತ್ತೆ ಕರಿಕೋಟು ತೊಟ್ಟು ನ್ಯಾಯಾಲಯಕ್ಕೆ ನಡೆದರು. ಬಳಿಕ ಮುಂಬಯಿ ಶಾಸನಸಭೆಗೆ ನಾಮಕರಣಗೊಂಡು, ಶ್ರೀ ಬಿ. ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿಯಾಗಿ, 1952ರ ಚುನಾವಣೆಯ ಅನಂತರ ಆರೋಗ್ಯ ಹಾಗೂ ಕಾರ್ಮಿಕ ಖಾತೆಗಳ ಉಪಮಂತ್ರಿಯಾಗಿ ದುಡಿದರು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ನಾವು ರಾಯಚೂರು ಜಿಲ್ಲೆಯೊಡನೆ ಹೈದರಾಬಾದು ರಾಜ್ಯದಿಂದ ಬಿಡುಗಡೆ ಹೊಂದಿ ಮೈಸೂರು ರಾಜ್ಯದಲ್ಲಿ ಸೇರಿದೆವು. ಅದುವರೆಗೆ ನಮ್ಮ ರಾಜ್ಯದ ಮುಖ್ಯಸ್ಥರು ರಾಜಪ್ರಮುಖರಾಗಿದ್ದ ನಿಜಾಮರು. ಅಂದಿನಿಂದ ರಾಜ್ಯಪಾಲರಾದ ಶ್ರೀ ಜಯಚಾಮರಾಜೇಂದ್ರ ಒಡೆಯರು. ಮುಂಬಯಿ ಭಾಗದಿಂದ ಜತ್ತಿಯವರೂ ಅದೇ ದಿನ ಈ ರಾಜ್ಯದವರಾದರು. ಐದು ಬೇರೆ ಬೇರೆ ಆಡಳಿತಗಳಿಂದ ಬಂದ ಪ್ರದೇಶಗಳಲ್ಲಿ ಗೇಣಿಯ ಕಾನೂನುಗಳೂ ಬೇರೆ ಬೇರೆಯಾಗಿದ್ದವು. ನಮ್ಮ ಭಾಗದಲ್ಲಿ 1950ರ ಹೈದರಾಬಾದು ಗೇಣಿ ಕಾನೂನು ನಡೆಯುತ್ತಿತ್ತು. ಇವೆಲ್ಲಕ್ಕೂ ಬದಲಾಗಿ ಒಂದೇ ಕಾನೂನನ್ನು ರೂಪಿಸಲು ನೇಮಕವಾದ ಸಮಿತಿಯ ಅಧ್ಯಕ್ಷತೆ ಜತ್ತಿಯವರದಾಯಿತು.

1958ರಲ್ಲಿ ಶ್ರೀ ನಿಜಲಿಂಗಪ್ಪನವರು ಅಧಿಕಾರ ಬಿಟ್ಟಾಗ, ಶ್ರೀ ಟಿ. ಸುಬ್ರಹ್ಮಣ್ಯ ಅವರಂಥ ಹಿರಿಯರ ಸ್ಪರ್ಧೆಯ ನಡುವೆಯೂ ಶಾಸಕರು ಜತ್ತಿಯವರನ್ನು ನಾಯಕರನ್ನಾಗಿ ಆರಿಸಿದರು. ಮೇ 16ರಿಂದ 1962ರ ಮಾರ್ಚ್‌ವರೆಗೆ ಅವರು ಮುಖ್ಯಮಂತ್ರಿಗಳಾಗಿದ್ದರು. ಇಡೀ ರಾಜ್ಯಕ್ಕೆ ಒಂದೇ ಬಗೆಯ ಗ್ರಾಮಪಂಚಾಯತಿ, ತಾಲ್ಲೂಕು ಮಂಡಲಗಳನ್ನು ಕೊಟ್ಟ 1959ರ ಕಾನೂನೂ, 1961ರ ಭೂಸುಧಾರಣಾ ಕಾನೂನೂ ಅವರ ಕಾಲದವು. ಭೂಸುಧಾರಣೆಯು ಜಾರಿಗೆ ಬಂದದ್ದು 1965ರಲ್ಲಿ; ಅದಕ್ಕೆ ನಿಜವಾದ ಕಸುವು ಬಂದದ್ದು 1974ರ ತಿದ್ದುಪಡಿಯಿಂದ. ಆದರೂ ಉಳುವವನ ಹಕ್ಕಿಗೆ ರಾಜ್ಯವ್ಯಾಪಿ ಅಡಿಗಲ್ಲನ್ನಿಟ್ಟ ಕೀರ್ತಿ ಅವರಿಗೆ ಸಲ್ಲಬೇಕು. ತುಂಗಭದ್ರೆಯ ನೀರು ಎಡದಂಡೆ ಕಾಲುವೆಯಲ್ಲಿ ಹರಿದು ಭೂಮಿಯ ಬೆಲೆ ಏರಿದ ನಮ್ಮ ಸೀಮೆಯಲ್ಲಿ ಆ ಪ್ರಶ್ನೆ ಎಷ್ಟು ದೊಡ್ಡದಾಗಿತ್ತೆಂಬುದು ರೈತರಿಗೆ ತಿಳಿದೇ ಇದೆ. ಅಧಿಕಾರ ಹೋದ ಮೇಲೆ, ಅದೇ 1962ರಲ್ಲಿ, ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಅರ್ಥಸಚಿವರಾಗಿ ದುಡಿಯಲು ಜತ್ತಿಯವರು ಸಂಕೋಚಪಡಲಿಲ್ಲ. ಮುಖ್ಯಮಂತ್ರಿಯಾಗಿದ್ದವರು ಇನ್ನೊಬ್ಬರ ಕೈಕೆಳಗೆ ಮಂತ್ರಿಯಾಗುವುದು ಸಾಮಾನ್ಯ ಮನಸ್ಸಿಗೆ ಸುಲಭದ ಮಾತಲ್ಲ.

1968ರಲ್ಲಿ ಅವರ ಜೀವನ ಬೇರೊಂದು ದಾರಿಗೆ ಹೊರಳಿತು. ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್ ಆಗಿ ನಾಲ್ಕು ವರ್ಷ ಇದ್ದು, 1972ರ ನವೆಂಬರಿನಲ್ಲಿ ಒರಿಸ್ಸಾದ ರಾಜ್ಯಪಾಲರಾದರು. ಇಲ್ಲಿ ಒಂದು ಇತಿಹಾಸವನ್ನು ನೆನೆಯಬೇಕು. ರಾಜ್ಯಪಾಲರನ್ನು ವಯಸ್ಕ ಮತದಾನದಿಂದ ಜನರೇ ಆರಿಸಬೇಕೆಂದು ಸರದಾರ ಪಟೇಲರ ಅಧ್ಯಕ್ಷತೆಯ ಸಮಿತಿಯು 1947ರಲ್ಲಿ ಸೂಚಿಸಿತ್ತು; ಸಂವಿಧಾನ ಸಭೆಯೂ ಒಪ್ಪಿತ್ತು. ಆದರೆ ಚುನಾಯಿತ ರಾಜ್ಯಪಾಲ, ಚುನಾಯಿತ ಮುಖ್ಯಮಂತ್ರಿ ಇಬ್ಬರೂ ಒಂದೇ ರಾಜ್ಯದಲ್ಲಿ ನಿಂತರೆ ಘರ್ಷಣೆ ತಪ್ಪದೆಂಬ ಅಂಜಿಕೆಯಿಂದ 1949ರ ಮೇ ತಿಂಗಳಲ್ಲಿ ಸಭೆಯು ಮನಸ್ಸು ಬದಲಿಸಿ, ರಾಷ್ಟ್ರಪತಿಗಳ ನೇಮಕವನ್ನೇ ಗೊತ್ತುಮಾಡಿತು. ಹೀಗಾಗಿ ರಾಜ್ಯಪಾಲರು ಜನರ ಮತವಿಲ್ಲದೆ ಜನರ ಮತದ ಕಾವಲುಗಾರರಾದರು.

ಆ ಪದವಿಯ ತೊಡಕು ಜತ್ತಿಯವರಿಗೆ ಬೇಗನೆ ಎದುರಾಯಿತು. 1973ರ ಮಾರ್ಚ್ 1ರಂದು ಪಕ್ಷಾಂತರಗಳ ನಡುವೆ ಮುಖ್ಯಮಂತ್ರಿ ಶ್ರೀಮತಿ ನಂದಿನಿ ಸತ್ಪತಿಯವರು ರಾಜೀನಾಮೆಯಿತ್ತರು. ತಮಗೆ ಬಹುಮತವಿದೆಯೆಂದು ಶ್ರೀ ಬಿಜು ಪಟ್ನಾಯಕರು ಮುಂದೆ ಬಂದರು. ಸ್ಥಿರ ಸರಕಾರ ಸಾಧ್ಯವಿಲ್ಲವೆಂದು ಬಗೆದ ಜತ್ತಿಯವರು ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ಪ್ರಕರಣ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಲಯವು ಘೋಷಣೆಯಲ್ಲಿ ಕೈಹಾಕಲಿಲ್ಲವಾದರೂ, ವಿರೋಧ ಪಕ್ಷದ ನಾಯಕರನ್ನು ಕರೆಯುವುದೇ ಸತ್ಸಂಪ್ರದಾಯವಾಗಿತ್ತೆಂಬ ಅಭಿಪ್ರಾಯವನ್ನು ಕೊಟ್ಟಿತು. ಹಿರಿಯರ ಜೀವನವನ್ನು ಬರೆಯುವಾಗ ಇಂಥ ಪ್ರಸಂಗಗಳನ್ನು ಮುಚ್ಚಿಡುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಸಜ್ಜನರೂ ನೇಮಕದ ಪೀಠದಲ್ಲಿ ಕುಳಿತಾಗ ಎಂಥ ಇಕ್ಕಟ್ಟಿಗೆ ಸಿಲುಕುತ್ತಾರೆಂಬುದಕ್ಕೆ ಇದು ಪಾಠ.

ಮರುವರ್ಷವೇ ರಾಜ್ಯಪಾಲರಾಗಿದ್ದ ಜತ್ತಿಯವರು ಚುನಾವಣೆಯ ಕಣಕ್ಕಿಳಿದರು. ಉಪರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಉಭಯ ಸದನಗಳ ಸದಸ್ಯರು, ಮತದಾನ ಗುಪ್ತ. ರಾಜ್ಯಪಾಲರು ಈ ಪೀಠಕ್ಕೇರುವುದು ಹೊಸದೇನಲ್ಲ. ಬಿಹಾರದ ರಾಜ್ಯಪಾಲರಾಗಿದ್ದ ಡಾ. ಝಾಕಿರ್ ಹುಸೇನರು 1962ರಲ್ಲಿ, ನಮ್ಮ ಮೈಸೂರಿನ ರಾಜ್ಯಪಾಲರಾಗಿದ್ದ ಶ್ರೀ ವಿ. ವಿ. ಗಿರಿಯವರು 1967ರಲ್ಲಿ, ಅವರ ಹಿಂದೆಯೇ ಮೈಸೂರಿಗೆ ಬಂದಿದ್ದ ಶ್ರೀ ಜಿ. ಎಸ್. ಪಾಠಕರು 1969ರಲ್ಲಿ ಹೀಗೆಯೇ ಆರಿಸಲ್ಪಟ್ಟಿದ್ದರು. 1974ರ ಆಗಸ್ಟ್ 27ರಂದು ನಡೆದ ಚುನಾವಣೆಯಲ್ಲಿ ಜತ್ತಿಯವರಿಗೆ 521 ಮತಗಳೂ, ಪ್ರತಿಸ್ಪರ್ಧಿ ಶ್ರೀ ಎನ್. ಇ. ಹೋರೊ ಅವರಿಗೆ 141 ಮತಗಳೂ ಬಂದವು. ಆಗಸ್ಟ್ 31ರಂದು ಸಾವಳಗಿಯ ಕಿರಾಣಿ ಮನೆತನದ ಮಗನು ದೇಶದ ಐದನೆಯ ಉಪರಾಷ್ಟ್ರಪತಿಯಾಗಿ ರಾಜ್ಯಸಭೆಯ ಸಭಾಪತಿ ಪೀಠವನ್ನಲಂಕರಿಸಿದನು. ಮುಂದಿನ ವರ್ಷ ಬಂದ ತುರ್ತುಪರಿಸ್ಥಿತಿಯ ಬಿಗುವಿನ ದಿನಗಳಲ್ಲಿಯೂ ಆ ಪೀಠದ ಭಾರ ಅವರದೇ ಆಗಿತ್ತು.

1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಶ್ರೀ ಫಕ್ರುದ್ದೀನ್ ಅಲಿ ಅಹ್ಮದರು ನಿಧನರಾದಾಗ ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಚುನಾವಣೆ ನಡೆದು ಕೇಂದ್ರದಲ್ಲಿ ಮೊದಲ ಬಾರಿಗೆ ಅಧಿಕಾರ ಬೇರೆ ಪಕ್ಷದ ಕೈಗೆ ಹೋಯಿತು. ಶ್ರೀ ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರು ಜತ್ತಿಯವರೇ. ಏಪ್ರಿಲಿನಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಮಂತ್ರಿಮಂಡಲವು ಸಲಹೆಯಿತ್ತಿತು. ಅವುಗಳಲ್ಲಿ ಒರಿಸ್ಸಾವೂ ಒಂದು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ, ಯೋಚಿಸಿದರು. ಆದರೆ ಮಂತ್ರಿಮಂಡಲದ ಸಲಹೆಯಂತೆ ನಡೆಯಲೇಬೇಕೆಂದು ಸಂವಿಧಾನದ 42ನೆಯ ತಿದ್ದುಪಡಿಯು ಸ್ಪಷ್ಟಪಡಿಸಿತ್ತು. ಸರ್ವೋಚ್ಚ ನ್ಯಾಯಾಲಯವೂ ರಾಜ್ಯಗಳ ಮೊರೆಯನ್ನು ಒಪ್ಪಿರಲಿಲ್ಲ. ಏಪ್ರಿಲ್ 30ರಂದು ಅವರು ಸಹಿ ಮಾಡಿದರು. ಆ ತಡವನ್ನು ಕೆಲವರು ಹಳೆಯ ಪಕ್ಷದ ಮಮತೆಯೆಂದರು, ಕೆಲವರು ಆತ್ಮಸಾಕ್ಷಿಯ ಅಳುಕೆಂದರು. ಏನೇ ಆಗಲಿ, ಸ್ವಂತ ಅನಿಸಿಕೆಗಿಂತ ಪದವಿಯ ಮರ್ಯಾದೆ ದೊಡ್ಡದೆಂದು ಕೊನೆಗೆ ಅವರು ಬಗ್ಗಿದ್ದು ನಿಜ. ಜುಲೈ 25ರಂದು ಶ್ರೀ ನೀಲಂ ಸಂಜೀವ ರೆಡ್ಡಿಯವರಿಗೆ ಪೀಠವನ್ನೊಪ್ಪಿಸಿ ಉಪರಾಷ್ಟ್ರಪತಿಯಾಗಿಯೇ ಮುಂದುವರಿದು, 1979ರಲ್ಲಿ ನಿವೃತ್ತರಾದರು.

ಪದವಿಗಳು ಬಂದವು, ಹೋದವು. ಹೋಗದೆ ಉಳಿದದ್ದು 1964ರಲ್ಲಿ ಬೆಂಗಳೂರಿನಲ್ಲಿ ಅವರು ಕಟ್ಟಿದ ಬಸವ ಸಮಿತಿ. ಬಸವಾದಿ ಶರಣರ ವಚನಗಳು ಕನ್ನಡದ ಗಡಿಯನ್ನು ದಾಟಿ ಅನ್ಯಭಾಷಿಕರಿಗೂ ಮುಟ್ಟಬೇಕೆಂಬ ಹಂಬಲದಿಂದ ಆರಂಭವಾದ ಆ ಸಂಸ್ಥೆಯು ಅವರ ಕಣ್ಮರೆಯ ಬಳಿಕವೂ ಕಾರ್ಯನಿರತವಾಗಿದೆ. 2002ರ ಜೂನ್ 7ರಂದು ಜತ್ತಿಯವರು ಲಿಂಗೈಕ್ಯರಾದರು.

ಜನರ ಮತದಿಂದ ಬಂದ ಅಧಿಕಾರವನ್ನು ಅವರು ಸೇವೆಯೆಂದು ತಿಳಿದರು. ನೇಮಕದಿಂದ ಬಂದ ಅಧಿಕಾರದಲ್ಲಿ ಟೀಕೆಯನ್ನೂ ತಾಳಿಕೊಂಡರು. ಕಳೆದುಹೋದ ಅಧಿಕಾರಕ್ಕಾಗಿ ಕೊರಗಲಿಲ್ಲ. ಪದವಿಯೂ ಒಂದು ಕಾಯಕವೆಂದು ಬಗೆದವನಿಗೆ ಮಾತ್ರ ಈ ಸಮಚಿತ್ತ ಸಾಧ್ಯ. ಗ್ರಾಮಪಂಚಾಯತಿಯಿಂದ ವಿಧಾನಸೌಧದವರೆಗೆ ನಾನಾ ಹೊಣೆಗಳನ್ನು ಹೊರಲಿರುವ ನಮ್ಮ ವಿದ್ಯಾರ್ಥಿಗಳಿಗೂ, ಈಗಾಗಲೇ ಹೊತ್ತಿರುವ ಹಳೆಯ ವಿದ್ಯಾರ್ಥಿಗಳಿಗೂ ಈ ಬಾಳು ದಾರಿದೀಪವಾಗಲಿ.